ಹನಿ ಮದ್ದಿನವರು

ಸ್ಟೋರಿನಲ್ಲಿ ಕಾಫಿ ಮೂಟೆಗಳ ಅಟ್ಟಿ ಕುಸಿದು ನನ್ನ ತೊಡೆಯ ಮೂಳೆ ಮುರಿದಾಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಬೆಳಗೋಡಿನ ಆಚೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಹಿಡಿಯುವುದು, ಮೂಟೆಗಳ ಮೇಲೆ ಕಣ್ಣಿಡುವುದು, ಸಾಹುಕಾರರು ಬಂದಾಗ ಎದ್ದು ನಿಲ್ಲುವುದು, ಇಷ್ಟೇ ಕೆಲಸ. ಮೂಳೆ ಮುರಿದ ಮೇಲೆ ಆ ಕೊನೆಯ ಕೆಲಸ ಬಹಳ ತಿಂಗಳು ಸಾಧ್ಯವಾಗಲಿಲ್ಲ. ಮೂಳೆ ಕಟ್ಟುವ ಮುದುಕನೊಬ್ಬ ಬಂದು ಬಿದಿರಿನ ದಬ್ಬೆ ಕಟ್ಟಿ, ನೋವಿಗೆಂದು ಮೆಣಸಿನಕಾಳಿನಷ್ಟು ಅಫೀಮನ್ನು ಬೆಲ್ಲದಲ್ಲಿ ಸುತ್ತಿ ನುಂಗಿಸಿದ. ಸ್ವಲ್ಪ ಹೊತ್ತಿನಲ್ಲೇ ನನ್ನ ನೋವು ಪಕ್ಕದ ಮನೆಯವರ ನೋವಾಯಿತು. ಅವರು ನರಳುವುದು ಕೇಳಿಸುತ್ತಿತ್ತು, ಆದರೆ ಎದ್ದು ಹೋಗಿ ವಿಚಾರಿಸಬೇಕು ಅನ್ನಿಸುತ್ತಿರಲಿಲ್ಲ.

ಮೂಳೆ ಕೂಡಿತು, ಅಫೀಮು ಬಿಡಲಿಲ್ಲ. ಬಿಟ್ಟು ನೋಡಿದ ದಿನ ಕಣ್ಣು ಮೂಗು ಎರಡೂ ಸೋರುತ್ತಿದ್ದವು, ಮೈಯೆಲ್ಲ ಮುಳ್ಳೇಳುತ್ತಿತ್ತು, ಆಕಳಿಕೆ ಬಂದರೆ ದವಡೆ ಕಳಚಿ ಬೀಳುವಂತೆ ಬರುತ್ತಿತ್ತು. ಕಾಲುಗಳು ಮಲಗಲು ಒಪ್ಪದೆ ತಮ್ಮಷ್ಟಕ್ಕೆ ಹಾಸಿಗೆಯಲ್ಲಿ ಓಡುತ್ತಿದ್ದವು. ನನ್ನ ಹೆಂಡತಿ ಮೊದಲು ಮಲೇರಿಯಾ ಅಂದುಕೊಂಡಳು. ಆಮೇಲೆ ಯಾರದೋ ಕಣ್ಣು ತಾಗಿದೆ ಎಂದು ದೃಷ್ಟಿ ತೆಗೆದಳು. ಮೂರನೆಯ ಸಲ ಅವಳೇ ಅಫೀಮಿನ ಡಬ್ಬಿ ತಂದು ಕೈಗಿಟ್ಟು, "ತಗೊಳ್ರಿ, ಇದ್ಕಿಂತ ಅದೇ ವಾಸಿ," ಎಂದಳು.

ಆಗ ಪೇಟೆಯಲ್ಲಿ ಅಫೀಮಿಗೆ ಸರ್ಕಾರದ ಲೈಸೆನ್ಸ್ ಪಡೆದ ಅಂಗಡಿ ಇತ್ತು. ಹೆಂಡದ ಅಂಗಡಿಯಿಂದ ಹೊರಬಂದವನನ್ನು ಆಡಿಕೊಳ್ಳುತ್ತಿದ್ದ ಜನ ಅಫೀಮಿನ ಅಂಗಡಿಯಿಂದ ಬಂದವನನ್ನು ಕಂಡರೆ ಪಾಪ, ಏನು ಕಾಯಿಲೆಯೋ ಎನ್ನುತ್ತಿದ್ದರು. ಆಮೇಲೆ ಕಾನೂನು ಬದಲಾಯಿತು. ಅಂಗಡಿ ಮುಚ್ಚಿತು. ಇನ್ನು ಮೇಲೆ ಡಾಕ್ಟರು ಪರೀಕ್ಷೆ ಮಾಡಿ, ಇವನಿಗೆ ಇದಿಲ್ಲದೆ ಆಗದು ಎಂದು ಪರವಾನಗಿ ಕೊಟ್ಟವರಿಗೆ ಮಾತ್ರ ಸಿಗುವುದು, ಅದೂ ಪರವಾನಗಿ ಕೊಟ್ಟ ಆಸ್ಪತ್ರೆಯಲ್ಲೇ, ಎಂದಾಯಿತು.

ಬೆಳಗೋಡಿಗೂ ಆಲೂರಿಗೂ ನಡುವೆ ರಸ್ತೆ ಬದಿಯಲ್ಲಿ ಆಗ ಒಂದು ಸಣ್ಣ ಧರ್ಮಾಸ್ಪತ್ರೆ ಇತ್ತು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಅರಸೀಕೆರೆ ಕಡೆಯ ಹುಡುಗ. ಮೊದಲ ನೌಕರಿ. ಮೀಸೆ ಇನ್ನೂ ಮುಖವನ್ನು ಸರಿಯಾಗಿ ಒಪ್ಪಿಕೊಂಡಿರಲಿಲ್ಲ, ಆದರೆ ನಮ್ಮನ್ನು ಗುಣ ಮಾಡಿಯೇ ತೀರುತ್ತೇನೆ ಎಂಬ ಹಟವಿತ್ತು. ಬರೀ ಪರವಾನಗಿ ಕೊಟ್ಟು ಕೈತೊಳೆದುಕೊಳ್ಳಲು ಅವರು ಒಪ್ಪಲಿಲ್ಲ. ಅಫೀಮಿನ ಕಂದು ಬಣ್ಣದ ಟಿಂಕ್ಚರನ್ನು ನೀರಿಗೆ ಹನಿ ಹನಿಯಾಗಿ ಬಿಟ್ಟು ಕೊಡುತ್ತಿದ್ದರು. ದಿನವೂ ಬೆಳಿಗ್ಗೆ ಬಂದು ಅವರ ಎದುರಿಗೇ ಕುಡಿಯಬೇಕು. ಆಗಾಗ ಒಂದು ಹನಿ ಕಡಿಮೆ ಮಾಡುತ್ತಾರೆ. ಕೊನೆಗೊಂದು ದಿನ ಬರೀ ನೀರು ಕುಡಿದು ಮನೆಗೆ ಹೋಗಬೇಕು. ಇದು ಅವರ ಲೆಕ್ಕ.

ನಾವು ಮೂವರಿದ್ದೆವು. ನಾನೊಬ್ಬ. ಇನ್ನೊಬ್ಬರು ಸಕಲೇಶಪುರದ ಸಾಹೇಬರು. ಕಾಫಿ ವ್ಯಾಪಾರ, ಎರಡು ಲಾರಿ, ತಲೆಯ ಮೇಲೆ ಯಾವಾಗಲೂ ಇಸ್ತ್ರಿ ಮಾಡಿದಂತಿರುವ ಟೋಪಿ. ಹಳೆಯ ಕೆಮ್ಮಿಗೆಂದು ಅಫೀಮು ಹಿಡಿದವರು. ಪೇಟೆಯ ಆಸ್ಪತ್ರೆಯಲ್ಲಿ ಗುರುತಿನವರು ನೋಡುತ್ತಾರೆಂದು ಇಷ್ಟು ದೂರ ಬರುತ್ತಿದ್ದರು. ಬರುವ ದಾರಿಯುದ್ದಕ್ಕೂ ಗುರುತಿನವರು ಸಿಕ್ಕಿ ಮಾತಾಡಿಸುತ್ತಿದ್ದರು. ಮೂರನೆಯವಳು ಆಲೂರು ಕಡೆಯ ಹಳ್ಳಿಯ ಅಜ್ಜಿ. ಹಣೆಯ ತುಂಬ ವಿಭೂತಿ, ಅದರ ನಡುವೆ ಕಾಸಿನಗಲ ಕುಂಕುಮ, ಬಾಯಿ ತುಂಬ ಮಾತು. ರಕ್ತಭೇದಿಯಾದಾಗ ಯಾರೋ ಕೊಟ್ಟ 'ಕರಿ ಮದ್ದು' ಅವಳ ಹೊಟ್ಟೆಯನ್ನು ನಿಲ್ಲಿಸಿ ತಾನೂ ಅಲ್ಲೇ ನಿಂತಿತ್ತು.

ಡಾಕ್ಟರು ಹನಿ ಬಿಡುವಾಗ ನಮ್ಮ ಮೂವರ ಕಣ್ಣೂ ಆ ಗಾಜಿನ ಕೊಳವೆಯ ತುದಿಯಲ್ಲಿರುತ್ತಿದ್ದವು. ಒಮ್ಮೆ ಒಂದು ಹನಿ ಲೋಟದ ಕಂಠಕ್ಕೆ ತಾಗಿ ಹೊರಗಡೆ ಇಳಿಯಿತು. ಅದು ಕೊಟ್ಟ ಲೆಕ್ಕವೋ ಕೊಡದ ಲೆಕ್ಕವೋ ಎಂದು ಸಾಹೇಬರು ಎಷ್ಟೋ ಹೊತ್ತು ವಾದಿಸಿ, ಡಾಕ್ಟರು ಒಪ್ಪದಿದ್ದಾಗ ಲೋಟದ ಹೊರಮೈಯನ್ನು ನೆಕ್ಕಿದರು. ಊರಿಗೇ ದೊಡ್ಡ ಮನುಷ್ಯರು ಅವರು. ನಾನೂ ಅಜ್ಜಿಯೂ ಮುಖ ತಿರುಗಿಸಿದೆವು. ನಗು ಬಂದದ್ದರಿಂದಲ್ಲ, ನಮ್ಮ ಲೋಟವಾಗಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು.

ಅಜ್ಜಿ ಒಂದು ಉಪಾಯ ಕಂಡುಕೊಂಡಿದ್ದಳು. ಮದ್ದನ್ನು ನುಂಗದೆ ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಸಣ್ಣ ಕುಡಿಕೆಗೆ ಉಗಿದು, ಸಂಜೆಗೆ ಇಟ್ಟುಕೊಳ್ಳುತ್ತಿದ್ದಳು. ಬೆಳಿಗ್ಗೆಗಿಂತ ಸಂಜೆಯೇ ಅವಳಿಗೆ ಕಷ್ಟ. ಸದಾ ವಟಗುಟ್ಟುವ ಅಜ್ಜಿ ಮದ್ದು ಕುಡಿದ ಕೂಡಲೇ ಮೌನಗೌರಿಯಾಗುವುದು ಡಾಕ್ಟರಿಗೆ ಅನುಮಾನ ತಂದಿತು. ಅಂದಿನಿಂದ ಹೊಸ ನಿಯಮ: ಕುಡಿದ ಮೇಲೆ ಎಲ್ಲರೂ ಏನಾದರೂ ಮಾತಾಡಿ ತೋರಿಸಬೇಕು.

"ಅಜ್ಜಿ, ನಿಮ್ಮ ಯಜಮಾನರ ಹೆಸರು ಹೇಳಿ," ಎಂದರು ಡಾಕ್ಟರು.

ಅಜ್ಜಿ ತುಟಿ ಬಿಗಿಹಿಡಿದು ತಲೆಯಾಡಿಸಿದಳು.

"ನೋಡಿ, ನುಂಗಿಲ್ಲ ನೀವು. ಹೆಸರು ಹೇಳಿ."

ಅಜ್ಜಿ ಮತ್ತೆ ತಲೆಯಾಡಿಸಿದಳು. ಡಾಕ್ಟರು ಎದ್ದು ನಿಂತರು. ಆಗ ಅಜ್ಜಿ ಬಾಯಿ ಅಗಲಿಸಿ ನಾಲಗೆ ಮೇಲೆ ಕೆಳಗೆ ಆಡಿಸಿ ತೋರಿಸಿ, "ನುಂಗಿ ಆಗ್ಲೇ ಒಂದ್ ಗಳಿಗೆ ಆಯ್ತು ಕಣಪ್ಪ. ಗಂಡನ ಹೆಸ್ರ ಯಾರಾದ್ರೂ ಹೇಳ್ತಾರಾ? ನಿಮ್ಮವ್ವ ಹೇಳ್ತಾರಾ?" ಎಂದಳು.

ಡಾಕ್ಟರು ಪ್ರಶ್ನೆ ಬದಲಾಯಿಸಿದರು. ಅಜ್ಜಿ ತನ್ನ ಸೊಸೆಯ ಬಗ್ಗೆ ಹೇಳುವುದೆಂದಾಯಿತು. ಅದಕ್ಕೆ ಅವಳ ತಕರಾರಿರಲಿಲ್ಲ. ನಾನು ಹದಿನೇಳರ ಮಗ್ಗಿ ಹೇಳಬೇಕು. ಸಾಹೇಬರು ಹಿಂದಿನ ದಿನ ಏನು ಊಟ ಮಾಡಿದರೆಂದು ಹೇಳಬೇಕು. ಅಫೀಮಿನವರಿಗೆ ಹಸಿವು ಕಡಿಮೆ, ಸಾಹೇಬರು ತಿನ್ನುತ್ತಿದ್ದದ್ದು ಎರಡು ತುತ್ತು. ಆದರೆ ಆ ಎರಡು ತುತ್ತಿನ ಹಿಂದೆ ಅವರ ಮನೆಯಲ್ಲಿ ಮಾಂಸ ಬೆಂದದ್ದು, ಈರುಳ್ಳಿ ಕೆಂಪಗೆ ಹುರಿದದ್ದು, ಅಕ್ಕಿ ಬಿಡಿಬಿಡಿಯಾಗಿ ಅರಳಿದ್ದು, ಇದನ್ನೆಲ್ಲ ಅವರು ಬಿಡಿಸಿ ಹೇಳುವಾಗ ಜಗಲಿಯಲ್ಲಿ ಕುಳಿತ ಜ್ವರದವರು, ಕೆಮ್ಮಿನವರು ಕೂಡ ಹತ್ತಿರ ಸರಿಯುತ್ತಿದ್ದರು. ಭೇದಿಯಾಗಿ ಗಂಜಿಯ ಪಥ್ಯದಲ್ಲಿದ್ದ ಒಬ್ಬ ಇವರ ಮಾತು ಕೇಳಿ ಮನೆಗೆ ಹೋಗಿ ಕೋಳಿ ಕೊಯ್ಯಿಸಿದನಂತೆ. ಆಸ್ಪತ್ರೆಯ ಕಾಂಪೌಂಡರ್ ಬಂದು, "ಸಾಯೇಬ್ರೆ, ನಾಳೆಯಿಂದ ಉಪ್ಪಿಟ್ಟು ತಿಂದೆ ಅನ್ನಿ, ನಿಮ್ಮ ಕೈ ಮುಗೀತೀನಿ," ಎಂದ.

ಹೀಗೆ ನಡೆದು ಹನಿಗಳೂ ಅಷ್ಟಿಷ್ಟು ಇಳಿಯುತ್ತಿದ್ದಾಗ ಡಾಕ್ಟರ ಮದುವೆ ಅವರ ಅರಸೀಕೆರೆ ಕಡೆಯೇ ಗೊತ್ತಾಯಿತು. ರಜೆಯಲ್ಲಿ ಅವರಿಲ್ಲದ ದಿನಗಳಿಗೆ ನಮ್ಮ ಮದ್ದನ್ನು ಅಳೆದು, ವಿಷದ ಔಷಧಿಗಳ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಕಾಂಪೌಂಡರಿಗೆ ಕೊಟ್ಟು ಹೋಗುವುದಾಗಿ ಹೇಳಿದ್ದರು. ಅವರು ಹೋದ ಮರುದಿನ ನಾವು ಬಂದಾಗ ಕಾಂಪೌಂಡರ್ ಆ ಬೀರುವಿಗೆ ಒರಗಿ ನೆಲದ ಮೇಲೆ ಕುಳಿತಿದ್ದ.

"ಬೀಗದ ಕೈ ಅವ್ರತ್ರನೇ ಐತೆ ಕಣ್ರೀ. ಕೊಟ್ಟೋಯ್ತೀನಿ ಅಂದಿದ್ರು. ಅಷ್ಟೊತ್ಗೆ ಬಸ್ ಬಂತು, ಹತ್ಬುಟ್ರು."

ಅಜ್ಜಿ ಹೊರಗೆ ಹೋಗಿ ಒಂದು ಕಲ್ಲು ತಂದಳು. ಕಾಂಪೌಂಡರ್ ಎದ್ದೇಳಲಿಲ್ಲ. "ಬೇಕಾದ್ರೆ ನನ್ನ ತಲೆ ಒಡೀರಿ. ಅದು ನಂದು. ಬೀಗ ಸರ್ಕಾರದ್ದು," ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದ್ದನ್ನು ನಾನು ಕಂಡೆ.

ಒಂದು ದಿನ ಹೇಗೋ ಕಳೆಯಿತು. ಮರುದಿನ ಬೆಳಿಗ್ಗೆ ಸಾಹೇಬರು ತಮ್ಮ ಲಾರಿಯನ್ನು ತಾವೇ ಹೊಡೆದುಕೊಂಡು ಆಸ್ಪತ್ರೆಗೆ ಬಂದರು. ಟೋಪಿ ವಾರೆಯಾಗಿತ್ತು. ನಾನು ಅದನ್ನು ಹಾಗೆ ನೋಡಿದ್ದು ಅದೇ ಮೊದಲು.

"ಬೀಗ ಒಡೆದ್ರೆ ಜೈಲು. ಜೈಲಲ್ಲಿ ಮದ್ದು ಕೊಡ್ತಾರೋ ಇಲ್ವೋ ಗೊತ್ತಿಲ್ಲ. ಹತ್ತಿ ರೈಟ್ರೆ, ಮದ್ವೆಗೆ ಹೋಗೋಣ," ಎಂದರು.

ಆ ಪ್ರಯಾಣವನ್ನು ವಿವರಿಸುವುದು ಕಷ್ಟ. ಅಜ್ಜಿ ನಡುವೆ, ಅವಳ ತೊಡೆಯ ಮೇಲೆ ನೀರು ತುಂಬಿದ ತಂಬಿಗೆ. ಸಾಹೇಬರು ಸೀನಿದಾಗಲೆಲ್ಲ ಲಾರಿ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುತ್ತಿತ್ತು. ನಾನು ಆಕಳಿಸುತ್ತಿದ್ದೆ, ನನ್ನ ಆಕಳಿಕೆ ಅಜ್ಜಿಗೆ ಅಂಟಿ, ಅಜ್ಜಿಯದು ಸಾಹೇಬರಿಗೆ ಅಂಟಿ, ಮೂವರೂ ಬಾಯಿ ತೆರೆದುಕೊಂಡು ಹಾಸನದ ಪೇಟೆಯನ್ನು ದಾಟಿದೆವು. ಪೊದೆ ಕಂಡಲ್ಲೆಲ್ಲ ಲಾರಿ ನಿಲ್ಲುತ್ತಿತ್ತು. ಹಾಸನ ದಾಟಿದ ಮೇಲೆ ಪೊದೆಗಳೇ ಕಡಿಮೆಯಾದವು. "ಇದೆಂಥ ಬೋಳು ಸೀಮೆ. ಇಲ್ಲಿ ಮನುಸ್ರು ಎಂಗಪ್ಪ ಬಾಳ್ತಾರೆ?" ಎಂದು ಅಜ್ಜಿ ಕೇಳಿದಳು. ನಾನಾಗಲಿ ಸಾಹೇಬರಾಗಲಿ ನಗುವ ಸ್ಥಿತಿಯಲ್ಲಿರಲಿಲ್ಲ.

ವಾಲಗದ ಸದ್ದು ಹಿಡಿದು ಮದುವೆ ಮನೆ ಹುಡುಕಿದೆವು. ತಾಳಿ ಕಟ್ಟಿ ಸ್ವಲ್ಪವೇ ಹೊತ್ತಾಗಿತ್ತು. ಚಪ್ಪರದೊಳಗೆ ನಾವು ಮೂವರು ಕಣ್ಣೀರು ಸುರಿಸುತ್ತ, ಮೂಗು ಒರೆಸಿಕೊಳ್ಳುತ್ತ ನಿಂತಾಗ ಹೆಣ್ಣಿನ ತಂದೆ ಓಡಿ ಬಂದರು. "ಯಾರಪ್ಪ ತಾವು, ಗಂಡಿನ ಕಡೆಯವರಾ?" ಎಂದು ನನ್ನನ್ನು ಕೇಳಿದರು. ನಾನು ಉತ್ತರಿಸಲು ಬಾಯಿ ತೆರೆದೆ. ಆಕಳಿಕೆ ಬಂತು. ಅದು ಮುಗಿಯುವವರೆಗೆ ಅವರು ಕೈಕಟ್ಟಿ ಕಾದರು. ಸಾಹೇಬರು ಮುಂದೆ ಬಂದು, "ನಾವು ಡಾಕ್ಟ್ರನ್ನೇ ನಂಬ್ಕೊಂಡಿರೋರು," ಎಂದರು. ಅಷ್ಟು ಹೇಳುವಾಗ ಅವರ ಕಣ್ಣಿನಿಂದ ಧಾರಾಕಾರವಾಗಿ ನೀರು ಇಳಿಯುತ್ತಿತ್ತು. ಅಳಿಯನ ಮೇಲೆ ಜನರಿಗೆ ಇಷ್ಟು ಪ್ರೀತಿ ಇರುವುದು ಹೆಣ್ಣಿನ ತಂದೆಗೆ ಗೊತ್ತಿರಲಿಲ್ಲ. ನಮ್ಮನ್ನು ಕರೆದೊಯ್ದು ಎಲ್ಲರಿಗಿಂತ ಮುಂದೆ ಜಮಖಾನದ ಮೇಲೆ ಕೂರಿಸಿ ಪನ್ನೀರು ಚಿಮುಕಿಸಿದರು. ಆ ತಣ್ಣನೆಯ ಹನಿ ಮೈಗೆ ಬಿದ್ದಾಗ ನಾನು ಚೀರುವುದೊಂದು ಬಾಕಿ.

ಹಸೆಯ ಮೇಲಿದ್ದ ಡಾಕ್ಟರು ನಮ್ಮನ್ನು ಕಂಡರು. ಬಾಸಿಂಗದ ಕೆಳಗೆ ಅವರ ಮುಖ ಬಿಳಿಚಿಕೊಂಡಿತು. ಕೈ ತಾನಾಗಿ ಸೊಂಟಕ್ಕೆ ಹೋಯಿತು.

ಅಕ್ಷತೆ ಹಾಕುವವರ ಸಾಲಿನಲ್ಲಿ ಅಜ್ಜಿಯೂ ಸೇರಿಕೊಂಡಳು. ವಧೂವರರ ತಲೆಗೆ ಅಕ್ಕಿ ಹಾಕಿ, ನೂರು ವರ್ಷ ಬಾಳಿ ಎಂದು ಹರಸಿ, ಡಾಕ್ಟರ ಕಿವಿಯ ಹತ್ತಿರ ಬಗ್ಗಿ ಕೇಳಿದಳು. ಅವಳ ಪಿಸುಮಾತು ವಾಲಗದವರಿಗೂ ಕೇಳಿಸುತ್ತಿತ್ತು.

"ಬೀಗದ ಕೈ ಎಲ್ಲಪ್ಪ?"

ಮದುಮಗಳು ತಲೆಯೆತ್ತಿ ಗಂಡನೊಂದಿಗೆ ತನ್ನ ಸಂಸಾರದ ಮೊದಲ ಮಾತನ್ನು ಆಡಿದಳು. "ಯಾವ ಬೀಗ?"

ವಾಲಗ ನಿಂತಿತು. ಚಪ್ಪರದ ಹಿಂದಿನ ಸಾಲಿನಲ್ಲಿ ಯಾರೋ ಇನ್ನಾರಿಗೋ ಹೇಳುವುದು ನನಗೆ ಕೇಳಿಸಿತು: "ಮಲೆನಾಡಲ್ಲಿ ಹುಡುಗಂಗೆ ಇನ್ನೊಂದು ಮನೆ ಐತಂತೆ. ಅದ್ರ ಬೀಗದ ಕೈ ಇಸ್ಕಳಕ್ಕೆ ಆ ಮನೆ ಅತ್ತೆ ಬಂದವ್ಳೆ. ಪಕ್ಕದಾಗಿರೋನು ಭಾವಮೈದ್ನ." ಭಾವಮೈದುನ ಎಂದರೆ ನಾನು. ನಾನು ಅಲ್ಲವೆಂದು ಹೇಳಲು ತಿರುಗಿದೆ. ಮತ್ತೆ ಆಕಳಿಕೆ.

ಡಾಕ್ಟರು ಎದ್ದು ನಿಂತರು. ಅವರ ಶಲ್ಯಕ್ಕೂ ಮದುಮಗಳ ಸೆರಗಿಗೂ ಗಂಟು ಹಾಕಿದ್ದರಿಂದ ಅವಳೂ ಏಳಬೇಕಾಯಿತು. "ಇವರು ನನ್ನ ರೋಗಿಗಳು. ಇವರ ಮದ್ದಿನ ಬೀರುವಿನ ಕೈ ಕಳೆದುಹೋಗಬಾರದು ಅಂತ ಉಡಿದಾರಕ್ಕೆ ಕಟ್ಟಿಕೊಂಡಿದ್ದೆ. ಎಷ್ಟು ಭದ್ರವಾಗಿ ಕಟ್ಟಿದ್ದೆ ಅಂದ್ರೆ, ಮರೆತೇಹೋಯ್ತು," ಎಂದರು.

"ಏನು ರೋಗ?" ಎಂದು ಹೆಣ್ಣಿನ ತಂದೆ ಕೇಳಿದರು. ಡಾಕ್ಟರು ನಮ್ಮ ಕಡೆ ನೋಡಿ ಸುಮ್ಮನಾದರು. ನಮ್ಮ ಮಾನ ಕಾಯಲು ಅವರು ತಮ್ಮ ಮಾನ ಕಳೆದುಕೊಳ್ಳಲು ತಯಾರಿದ್ದರು. ಆದರೆ ಅಜ್ಜಿಗೆ ಅಂಥ ಸೂಕ್ಷ್ಮಗಳಿರಲಿಲ್ಲ.

"ಅಫೀಮು ಕಣಪ್ಪ. ತಿನ್ನೋರು ನಾವು, ಬುಡ್ಸೋರು ಇವರು. ಬುಡ್ಸಕ್ಕೆ ಅಂತ ದಿನಾ ಕುಡಿಸ್ತಾರೆ."

"ಬಿಡಿಸಕ್ಕೆ ಅಫೀಮೇ ಕುಡಿಸ್ತಾರಾ?"

"ಹೂಂ. ಕೊಟ್ಟು ಕೊಟ್ಟೇ ಬುಡ್ಸದು."

ಹೆಣ್ಣಿನ ತಂದೆ ಅಳಿಯನನ್ನು ನೋಡಿದರು. ಇನ್ನೊಂದು ಮನೆಯ ವಿಷಯವೇ ವಾಸಿಯಿತ್ತು ಎಂಬಂತಿತ್ತು ಅವರ ಮುಖ. ಮದುಮಗಳು ಮಾತ್ರ ನನ್ನ ಕೈ ನೋಡುತ್ತಿದ್ದಳು. ಆ ಬಿಸಿಲಲ್ಲಿ ನನ್ನ ಕೈಯ ರೋಮವೆಲ್ಲ ನೆಟ್ಟಗೆ ನಿಂತಿತ್ತು. "ಅಪ್ಪಾಜಿ, ಇವರಿಗೆ ಚಳಿ ಆಗ್ತಾ ಇದೆ," ಎಂದಳು. ಆಮೇಲೆ ಗಂಡನಿಗೆ, "ಹೋಗಿ ಕೊಟ್ಟು ಬನ್ನಿ," ಎಂದಳು.

ಬರೀ ಬೀಗದ ಕೈ ಕಳಿಸಿದರೆ ಸಾಲದು, ಎರಡು ದಿನ ಮದ್ದು ತಪ್ಪಿದವರಿಗೆ ಡಾಕ್ಟರೇ ನಿಂತು ಹೊಸದಾಗಿ ಹನಿ ಎಣಿಸಿ ಕೊಡಬೇಕು. ಆದರೆ ಗಂಟು ಹಾಕಿದ ಜೋಡಿಯನ್ನು ಗಂಡನ ಮನೆ ತುಂಬಿಸುವವರೆಗೆ ಅಗಲಿಸಬಾರದೆಂದು ಹಿರಿಯರು ಹಟ ಹಿಡಿದರು. ಗಂಡನ ಮನೆ ಯಾವುದು? ಸದ್ಯಕ್ಕೆ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್. ಹಾಗಾದರೆ ಇಬ್ಬರೂ ಹೋಗಲಿ ಎಂದು ತೀರ್ಮಾನವಾಯಿತು. ನಮಗೆ ಮೂವರಿಗೂ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ ಲಾರಿ ಹತ್ತಿಸಿದರು. ಸಾಹೇಬರ ಪಕ್ಕದಲ್ಲಿ ಮದುಮಗ, ಮದುಮಗಳು. ಹಿಂದೆ ಗೋಣಿಚೀಲಗಳ ಮೇಲೆ ನಾನು, ಅಜ್ಜಿ, ಹೆಣ್ಣಿನ ಟ್ರಂಕು, ಒಂದು ಬುಟ್ಟಿ ಚಿರೋಟಿ.

ಒಂದು ವಿಚಿತ್ರವೆಂದರೆ, ವಾಪಸು ಬರುವಾಗ ಲಾರಿ ರಸ್ತೆ ಬಿಟ್ಟು ಕದಲಲಿಲ್ಲ. ಸಾಹೇಬರು ಒಮ್ಮೆಯೂ ಸೀನಲಿಲ್ಲ. ನನ್ನ ಕಾಲುಗಳೂ ಸುಮ್ಮನಿದ್ದವು. ಹೊಟ್ಟೆಗೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಮದ್ದು ಸಿಗುತ್ತದೆ ಎಂದು ಗೊತ್ತಾದದ್ದೇ ಅರ್ಧ ಮದ್ದಾಗಿತ್ತು. ನನ್ನ ಕಾಯಿಲೆ ಎಷ್ಟು ಮೈಯದು, ಎಷ್ಟು ಹೆದರಿಕೆಯದು ಎಂದು ನಾನು ಮೊದಲ ಬಾರಿಗೆ ಯೋಚಿಸಿದ್ದು ಆ ಗೋಣಿಚೀಲಗಳ ಮೇಲೆ.

ಹೊತ್ತು ಇಳಿಯುವಷ್ಟರಲ್ಲಿ ಆಸ್ಪತ್ರೆ ಮುಟ್ಟಿದೆವು. ಡಾಕ್ಟರು ಇಳಿದವರೇ ಬಾಗಿಲಿಗೆ ಓಡಿದರು. ಗಂಟಿನಿಂದಾಗಿ ಹೆಂಡತಿಯೂ ಓಡಿದಳು. ಆಗ ಅಜ್ಜಿ ಲಾರಿಯ ಮೇಲಿಂದಲೇ, "ನಿಲ್ಲಿ," ಎಂದಳು.

ಹೊಸ ಹೆಣ್ಣು ಗಂಡನ ಜೊತೆ ಮೊದಲು ತುಳಿಯುವ ಹೊಸಿಲು. ಅದು ಆಸ್ಪತ್ರೆಯದೇ ಆಗಲಿ, ಅಕ್ಕಿ ಒದೆಯದೆ ಒಳಗೆ ಹೋಗಬಾರದು. ಎರಡು ದಿನದಿಂದ ನರಳಿದ, ನಿಲ್ಲಲೂ ಆಗದ ಆ ಮುದುಕಿ ನನ್ನ ಹೆಗಲು ಹಿಡಿದು ಕೆಳಗಿಳಿದಳು. ಸೇರು ಸಿಗಲಿಲ್ಲ. ಕಾಂಪೌಂಡರ್ ಔಷಧಿ ಕಲಸುವ ಬಿಳಿ ಮಗ್ಗು ತಂದ. ಹೆಣ್ಣಿನ ಮಡಿಲಕ್ಕಿಯನ್ನೇ ತೆಗೆದು ಅದಕ್ಕೆ ತುಂಬಿ, ಹೊಸಿಲ ಮೇಲಿಟ್ಟು, ಇದ್ದ ಕೆಂಪು ಔಷಧಿಯಲ್ಲೇ ನೀರು ಕಲಸಿ ಆರತಿ ಎತ್ತಿದಳು. ಡಾಕ್ಟರು, "ಅಜ್ಜಿ, ಮೊದಲು ಮದ್ದು ತಗೊಳ್ಳಿ, ಇದೆಲ್ಲ ಆಮೇಲೆ," ಎಂದು ಅಂಗಲಾಚಿದರು.

"ನನ್ನ ಮದ್ದು ನಾಳೇನೂ ಕುಡೀಬೌದು. ಇವಳು ನಾಳೆ ಮತ್ತೆ ಹೊಸಬಳಾಯ್ತಾಳಾ? ಒದಿಯವ್ವ, ಬಲಗಾಲಲ್ಲಿ."

ಮದುಮಗಳು ಒದ್ದಳು. ಅಕ್ಕಿ ಆಸ್ಪತ್ರೆಯ ಒಳಗೆಲ್ಲ ಹರಡಿತು. ಆ ಅಕ್ಕಿಯ ಮೇಲೆ ನಡೆದು ಹೋಗಿ ಡಾಕ್ಟರು ಬೀರು ತೆಗೆದರು. ಬಾಸಿಂಗ ಅಡ್ಡ ಬರುತ್ತದೆಂದು ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದುಕೊಂಡೇ ಹನಿ ಎಣಿಸಿದರು. ಕುಡಿದ ಮೇಲೆ ಮಾತಾಡಿ ತೋರಿಸಿ ಎಂದು ಅಂದು ಅವರು ಕೇಳಲಿಲ್ಲ. ಸಾಹೇಬರು ತಾವಾಗಿಯೇ ಶುರು ಮಾಡಿದರು: "ಮಜ್ಜಿಗೆ ಕುಡಿದೆ ಡಾಕ್ಟ್ರೆ. ಒಳ್ಳೆ ಮಜ್ಜಿಗೆ. ಇಂಗು ಇತ್ತು."

ಆಮೇಲಿನ ದಿನಗಳಲ್ಲಿ ಹನಿ ಕಡಿಮೆ ಮಾಡುವ ಮುನ್ನ ಡಾಕ್ಟರು ನಮ್ಮನ್ನು ಕೇಳತೊಡಗಿದರು. ಅದು ಅವರ ಹೆಂಡತಿಯ ಮಾತಿನಿಂದ ಎಂದು ಕಾಂಪೌಂಡರ್ ಹೇಳಿದ. ಆಗಬಹುದು. ಅಜ್ಜಿಯ ಮದ್ದನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಾಡಿದರು, ಕುಡಿಕೆಯ ಕೆಲಸವೇ ಇಲ್ಲವಾಯಿತು. ಸಂಜೆಯ ಪಾಲಿಗಾಗಿ ಅವಳು ಹಗಲೆಲ್ಲ ಡಾಕ್ಟರ ಮನೆಯಲ್ಲೇ ಉಳಿದು, ಆ ಹುಡುಗಿಗೆ ಅಡಿಗೆಯ ಬಗ್ಗೆ ಬೇಡದ ಸಲಹೆ ಕೊಡುತ್ತಿದ್ದಳು. ಸಾಹೇಬರು ಒಂದು ಮಟ್ಟಕ್ಕೆ ಇಳಿದು ಅಲ್ಲಿಂದ ಕೆಳಗೆ ಬರಲಾರದೆ ಹೋದರು. "ಇಷ್ಟಿದ್ರೆ ವ್ಯಾಪಾರ ಮಾಡ್ತೀನಿ, ನಮಾಜು ಮಾಡ್ತೀನಿ, ಮೊಮ್ಮಕ್ಕಳನ್ನ ಎತ್ಕೋತೀನಿ. ಇದನ್ನೂ ಕಿತ್ಕೋಬೇಡಿ," ಎಂದರು. ಡಾಕ್ಟರು ಕಿತ್ತುಕೊಳ್ಳಲಿಲ್ಲ. ಅಷ್ಟು ಹನಿಯ ಮೇಲೆ ಅವರು ಕೊನೆಯವರೆಗೂ ಚೆನ್ನಾಗಿಯೇ ಬಾಳಿದರು.

ನನ್ನದು ಮುಗಿಯಿತು. ಕೊನೆಯ ಹನಿ ಬಿಡುವುದು ಅದರ ಹಿಂದಿನ ಎಲ್ಲ ಹನಿಗಳಿಗಿಂತ ಕಷ್ಟವಾಯಿತು. ನಿದ್ದೆ ಹಿಂದಿರುಗಲು ಒಂದು ಮಳೆಗಾಲವೇ ಬೇಕಾಯಿತು. ಆಮೇಲೆ ಒಂದೊಂದೇ ಬಂದವು: ಹಸಿವು, ಹೂಬಿಟ್ಟ ಕಾಫಿಯ ವಾಸನೆ, ಸಣ್ಣಪುಟ್ಟದಕ್ಕೆಲ್ಲ ಸಿಟ್ಟು. ಹೆಂಡತಿ ಈ ಸಿಟ್ಟು ಕಂಡು ಸಂತೋಷಪಟ್ಟಳು. ಎಷ್ಟೋ ವರ್ಷ ಅವಳು ಜಗಳವಾಡಿದರೆ ನಾನು ನಗುತ್ತ ಕೂರುತ್ತಿದ್ದೆನಂತೆ.

ಅದಾದ ಕೆಲವು ವರ್ಷಗಳಿಗೆ ದವಡೆ ಹಲ್ಲು ಹುಳುಕಾಗಿ ಸಕಲೇಶಪುರದಲ್ಲಿ ಕೀಳಿಸಬೇಕಾಯಿತು. ನೋವು ತಿಳಿಯದಿರಲೆಂದು ಸೂಜಿ ಚುಚ್ಚಲು ಬಂದವರಿಗೆ ನಾನು ಬೇಡವೆಂದೆ. ಆ ಇಂಜೆಕ್ಷನ್ನಿಗೂ ಅಫೀಮಿಗೂ ಸಂಬಂಧವಿಲ್ಲವೆಂದು ಅವರು ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಇಬ್ಬರು ನನ್ನ ಭುಜ ಹಿಡಿದರು, ಒಬ್ಬರು ಇಕ್ಕಳ ಹಿಡಿದರು. ನನ್ನ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತರಂತೆ. ಹೊರಗೆ ಬಂದಾಗ ಬೆಂಚಿನ ಮೇಲೆ ಕುಳಿತಿದ್ದ ಹೆಂಡತಿ ಕೇಳಿದಳು.

"ತುಂಬಾ ನೋವಾಯ್ತೇನ್ರಿ?"

ಬಾಯಿ ತುಂಬ ಹತ್ತಿ ಇತ್ತು. ತಲೆಯಾಡಿಸಿ ಹೌದೆಂದೆ. ಅವಳು ಸೆರಗಿನಿಂದ ನನ್ನ ಗದ್ದದ ರಕ್ತ ಒರೆಸಿದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದೆವು.